ಕುಡಿಯಲ್ಲ, ಫೋನ್ ಮುಟ್ಟಲ್ಲ, ಸ್ಪೀಡ್ ಇಲ್ಲ. ಹಾಗಾದರೆ ಅಪಘಾತಕ್ಕೆ ಇನ್ನೇನು ಕಾರಣ ಉಳಿಯಿತು?

ಹೊಸಚಕ್ರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾರಿನ ಲೈಸೆನ್ಸ್ ಸಿಕ್ಕಿ ಸ್ವಲ್ಪ ಕಾಲ ಆಗಿದೆ, ಈಗ ಒಬ್ಬನೇ ಓಡಿಸುತ್ತಿದ್ದೇನೆ. ಅಪಘಾತ ಯಾಕೆ ಆಗುತ್ತದೆ ಅಂತ ಯಾರನ್ನು ಕೇಳಿದರೂ ಅದೇ ಮೂರು ಮಾತು: ಕುಡಿದು ಓಡಿಸಬೇಡ, ಫೋನ್ ನೋಡಬೇಡ, ಜೋರಾಗಿ ಹೋಗಬೇಡ. ಒಪ್ಪಿದೆ. ನಾನು ಕುಡಿಯುವವನಲ್ಲ, ಫೋನ್ ಬ್ಯಾಗಿಗೆ ಹಾಕಿ ಹಿಂದಿನ ಸೀಟಿನಲ್ಲಿ ಇಡುತ್ತೇನೆ, ವೇಗದ ಮಿತಿ ದಾಟುವುದಿಲ್ಲ.

ಆದರೆ ಅಪಘಾತ ಆದವರನ್ನು ಮಾತಾಡಿಸಿ ನೋಡಿ. ಅವರಲ್ಲಿ ತುಂಬಾ ಜನ ನನ್ನ ಥರದವರೇ. ವರ್ಷಗಟ್ಟಲೆ ಓಡಿಸಿ ಕೈ ಪಳಗಿದವರು, ಅವತ್ತು ಕುಡಿದಿರಲಿಲ್ಲ, ಫೋನೂ ಹಿಡಿದಿರಲಿಲ್ಲ. ಏನಾಯಿತು ಅಂದರೆ "ಬೈಕು ಎಲ್ಲಿಂದ ಬಂತೋ ಕಾಣಲೇ ಇಲ್ಲ" ಅನ್ನುತ್ತಾರೆ, ಇಲ್ಲ "ಬ್ರೇಕ್ ಒತ್ತಿದೆ, ಗಾಡಿ ನಿಲ್ಲಲಿಲ್ಲ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. 90 ಪರ್ಸೆಂಟಿಗಿಂತ ಜಾಸ್ತಿ ಅಪಘಾತ ಚಾಲಕನ ತಪ್ಪಿನಿಂದಲೇ ಆಗುವುದು ಅಂತ ಓದಿದ್ದೇನೆ. ಆ ತಪ್ಪು ಯಾವುದು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಉಪದೇಶ ಬೇಡ. ಆ ಎರಡು ಮೂರು ಸೆಕೆಂಡಿನಲ್ಲಿ ನಿಜವಾಗಿ ಏನು ನಡೆಯುತ್ತದೆ? ಜಾಗ್ರತೆ ಇರುವ ಚಾಲಕ ಎಲ್ಲಿ ಸಿಕ್ಕಿಬೀಳುತ್ತಾನೆ? ಗೊತ್ತಿರುವವರು ಹೇಳಿ.

ಲೆಕ್ಕದ_ಪುಸ್ತಕ

ಒಳ್ಳೆಯ ಪ್ರಶ್ನೆ. ಆದರೆ ವೇಗವನ್ನು ನೀವು ಬೇಗ ಪಟ್ಟಿಯಿಂದ ತೆಗೆದುಬಿಟ್ಟಿರಿ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಮಿತಿಯೊಳಗೆ ಇದ್ದರೂ ಆ ಜಾಗಕ್ಕೆ, ಆ ಹೊತ್ತಿಗೆ, ಆ ಮಳೆಗೆ ವೇಗ ಜಾಸ್ತಿ ಆಗಿರಬಹುದು.

ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಮುಂದೆ ಏನೋ ಅಡ್ಡ ಬಂತು ಅಂದುಕೊಳ್ಳಿ. ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಕಾರು 33 ಮೀಟರ್ ಮುಂದೆ ಹೋಗಿರುತ್ತದೆ, ವೇಗ ಒಂಚೂರೂ ಇಳಿದಿರುವುದಿಲ್ಲ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು, ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೆ, ಇನ್ನೊಂದು 35 ಮೀಟರ್. ಒಟ್ಟು 68. ಇದೇ ಲೆಕ್ಕ 100ರ ವೇಗಕ್ಕೆ ಹಾಕಿದರೆ 97 ಮೀಟರ್ ಆಗುತ್ತದೆ. ವೇಗ ಎರಡರಷ್ಟು ಆದರೆ ಬ್ರೇಕ್ ಹಿಡಿದ ಮೇಲೆ ಬೇಕಾಗುವ ದೂರ ನಾಲ್ಕರಷ್ಟು ಆಗುತ್ತದೆ, ಅದಕ್ಕೇ ಈ ವ್ಯತ್ಯಾಸ.

ಜನ ಇಲ್ಲಿ ಒಂದು ವಿಷಯ ಗಮನಿಸುವುದಿಲ್ಲ. 80ರ ಕಾರು ಪೂರ್ತಿ ನಿಂತ ಜಾಗಕ್ಕೆ 100ರ ಕಾರು ಬಂದಾಗ ಅದರ ವೇಗ ಎಷ್ಟಿರುತ್ತದೆ? ಇಪ್ಪತ್ತು ಇರಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸುಮಾರು 70 ಇರುತ್ತದೆ! ಒಬ್ಬನಿಗೆ ಎದೆ ಝಲ್ಲೆಂದು ಕಾರು ನಿಲ್ಲುತ್ತದೆ, ಇನ್ನೊಬ್ಬ 70ರಲ್ಲಿ ಹೋಗಿ ಗುದ್ದುತ್ತಾನೆ. ಇಬ್ಬರೂ ಒಂದೇ ಕ್ಷಣಕ್ಕೆ ನೋಡಿದ್ದು, ಒಂದೇ ಕ್ಷಣಕ್ಕೆ ಬ್ರೇಕ್ ಒತ್ತಿದ್ದು. "ಬ್ರೇಕ್ ಒತ್ತಿದೆ, ನಿಲ್ಲಲಿಲ್ಲ" ಅನ್ನುವ ಮಾತಿನ ಹಿಂದೆ ಸಾಮಾನ್ಯವಾಗಿ ಇರುವುದು ಈ ಲೆಕ್ಕ. ಬ್ರೇಕ್ ಸರಿಯಾಗೇ ಇರುತ್ತದೆ, ಜಾಗ ಸಾಕಾಗಿರುವುದಿಲ್ಲ.

ಈಗ ರಾತ್ರಿ ಹೊತ್ತು ಯೋಚಿಸಿ. ಲೋ ಬೀಮ್ ಹಾಕಿದರೆ ಸಾಮಾನ್ಯ ಕಾರಿನಲ್ಲಿ ಚೆನ್ನಾಗಿ ಕಾಣುವುದು 50, 60 ಮೀಟರ್ ಅಷ್ಟೇ. 80ರಲ್ಲಿ ನಿಲ್ಲಲು 68 ಬೇಕು. ಅಂದರೆ ಲೈಟಿಲ್ಲದೆ ನಿಂತ ಲಾರಿ ಕಣ್ಣಿಗೆ ಬೀಳುವ ಹೊತ್ತಿಗೆ ಗುದ್ದುವುದು ಆಗಲೇ ತೀರ್ಮಾನ ಆಗಿರುತ್ತದೆ. ಚಾಲಕ ಕುಡಿದಿಲ್ಲ, ಮಿತಿ ದಾಟಿಲ್ಲ, ನಿದ್ದೆ ಮಾಡುತ್ತಿಲ್ಲ. ಆದರೂ ಗುದ್ದುತ್ತಾನೆ.

ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವುದೂ ಇದೇ ಜಾತಿಗೆ ಸೇರಿದ್ದು. ಅದಕ್ಕೂ ನಿಮಗೂ ಕನಿಷ್ಠ 2 ಸೆಕೆಂಡ್ ಅಂತರ ಇರಬೇಕು, ಮಳೆಯಲ್ಲಿ 4. ಮುಂದಿನ ಗಾಡಿ ಒಂದು ಕಂಬವೋ ಬೋರ್ಡೋ ದಾಟಿದ ಕೂಡಲೇ ಎಣಿಸಲು ಶುರು ಮಾಡಿ, ನೀವು ಅಲ್ಲಿಗೆ ತಲುಪುವುದು ಎರಡು ಸೆಕೆಂಡ್ ಆದ ಮೇಲಿರಬೇಕು. ಮೀಟರ್ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳುವುದು ಬೇಡ, ಈ ಎಣಿಕೆ ಎಲ್ಲಾ ವೇಗಕ್ಕೂ ನಡೆಯುತ್ತದೆ.

ಎರಡು_ಗಾಲಿ

"ಕಾಣಲೇ ಇಲ್ಲ" ಅನ್ನುವುದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ದಿನಾ ಬೈಕಿನಲ್ಲಿ ಓಡಾಡುವವನು. ಕಾರಿನವರು ನನ್ನ ಕಡೆಗೇ ತಿರುಗಿ ನೋಡಿ, ನೋಡಿದ ಮೇಲೂ ನುಗ್ಗಿದ್ದನ್ನು ಸಾಕಷ್ಟು ಸಲ ಕಂಡಿದ್ದೇನೆ. ಮೊದಮೊದಲು ಬೇಕಂತಲೇ ಮಾಡುತ್ತಾರೆ ಅಂತ ಸಿಟ್ಟು ಬರುತ್ತಿತ್ತು. ಹಾಗಲ್ಲ. ಅವರಿಗೆ ನಿಜವಾಗಿಯೂ ಕಾಣಿಸಿರುವುದಿಲ್ಲ.

ಇದಕ್ಕೆ ಎರಡು ಕಾರಣ ಇವೆ. ಒಂದು, ಕಾರಿನ ಮುಂದಿನ ಗಾಜಿನ ಎರಡೂ ಕಡೆ ಛಾವಣಿ ಹೊತ್ತಿರುವ ಕಂಬ ಇದೆಯಲ್ಲ, ಅದು. ಈಗಿನ ಕಾರುಗಳಲ್ಲಿ ಕಾರು ಮಗುಚಿದರೂ ಛಾವಣಿ ಕುಸಿಯಬಾರದು ಅಂತ ಅದನ್ನು ದಪ್ಪ ಮಾಡಿದ್ದಾರೆ. ಹತ್ತಿರದ ಬೈಕು, ನಡೆಯುವ ಮನುಷ್ಯ ಅದರ ಹಿಂದೆ ಪೂರ್ತಿ ಮರೆಯಾಗುತ್ತಾರೆ. ಇನ್ನೂ ಕೆಟ್ಟದ್ದು ಏನೆಂದರೆ, ಕಾರೂ ಬೈಕೂ ಬೇರೆ ಬೇರೆ ರಸ್ತೆಯಿಂದ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ತಲುಪುವ ಹಾಗೆ ಬರುತ್ತಿದ್ದರೆ, ಚಾಲಕನ ಕಣ್ಣಿಗೆ ಬೈಕು ಒಂದೇ ಕೋನದಲ್ಲಿ ಉಳಿಯುತ್ತದೆ. ಒಂದು ಸಲ ಕಂಬದ ಹಿಂದೆ ಹೋದರೆ ಗುದ್ದುವ ತನಕ ಅಲ್ಲೇ ಇರುತ್ತದೆ. ಕಂಬದ ಮರೆ ಇಲ್ಲದಿದ್ದರೂ, ಕಣ್ಣಿನ ಅಂಚಿನಲ್ಲಿ ಅಲ್ಲಾಡದೆ ಇರುವ ವಸ್ತುವನ್ನು ತಲೆ ಬೇಗ ಗಮನಿಸುವುದಿಲ್ಲ.

ಎರಡನೆಯದು ಕಣ್ಣಿನ ಸ್ವಭಾವ. ಕುತ್ತಿಗೆ ತಿರುಗಿಸಿ ಸರ್ರನೆ ನೋಡಿದಾಗ ಕಣ್ಣು ಒಂದೇ ಸಮ ಹರಿಯುವುದಿಲ್ಲ, ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹಾರುತ್ತದೆ. ಹಾರುವಾಗ ನಡುವೆ ಇರುವುದು ಕಾಣುವುದಿಲ್ಲ, ಆ ಖಾಲಿಯನ್ನು ಮೆದುಳು ತಾನೇ ತುಂಬಿಸಿಬಿಡುತ್ತದೆ. ಹಾಗಾಗಿ ನೋಡಿದ್ದೇನೆ, ರಸ್ತೆ ಖಾಲಿ ಇದೆ ಅಂತ ಚಾಲಕ ಪ್ರಾಮಾಣಿಕವಾಗಿ ನಂಬಿರುತ್ತಾನೆ.

ಮಾಡಬೇಕಾದ್ದು ಸುಲಭ. ಜಂಕ್ಷನ್‌ನಲ್ಲಿ ಒಂದು ಕಡೆ ನೋಡಿ ಒಂದು ಕ್ಷಣ ಕಣ್ಣು ನಿಲ್ಲಿಸಿ, ಇನ್ನೊಂದು ಕಡೆ ನೋಡಿ ನಿಲ್ಲಿಸಿ, ಮತ್ತೆ ಮೊದಲನೇ ಕಡೆ ನೋಡಿ. ಜೊತೆಗೆ ಸೀಟಿನಲ್ಲೇ ಸ್ವಲ್ಪ ಮುಂದೆ ಹಿಂದೆ ಬಾಗಿ, ಆಗ ಕಂಬದ ಹಿಂದೆ ಏನಿದೆ ಅಂತ ಗೊತ್ತಾಗುತ್ತದೆ. ಲೇನ್ ಬದಲಿಸುವಾಗ ಕನ್ನಡಿ ಒಂದನ್ನೇ ನಂಬಬೇಡಿ, ಭುಜದ ಮೇಲಿಂದ ಒಂದು ಸಲ ನೋಡಿ. ನಿಲ್ಲಿಸಿದ ಕಾರಿನ ಬಾಗಿಲು ತೆಗೆಯುವಾಗ ಬಾಗಿಲಿನ ಕಡೆಯ ಕೈ ಬಳಸಬೇಡಿ, ಆಚೆ ಕೈಯಿಂದ ತೆಗೆಯಿರಿ. ಮೈ ತಾನಾಗೇ ಹೊರಳುತ್ತದೆ, ಹಿಂದಿನಿಂದ ಬರುವ ಸೈಕಲ್ಲು ಬೈಕು ಕಣ್ಣಿಗೆ ಬೀಳುತ್ತದೆ. ದಯವಿಟ್ಟು ಇದನ್ನು ರೂಢಿ ಮಾಡಿಕೊಳ್ಳಿ, ನಮ್ಮಂಥವರ ಜೀವದ ಪ್ರಶ್ನೆ. ಜಗತ್ತಿನಲ್ಲಿ ರಸ್ತೆಯಲ್ಲಿ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಡೆಯುವವರು, ಸೈಕಲ್ಲಿನವರು, ಬೈಕಿನವರೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ರಾತ್ರಿಪಾಳಿ

ಇಲ್ಲಿ ಯಾರೂ ನಿದ್ದೆಯ ಮಾತು ಎತ್ತಲಿಲ್ಲ, ಆಶ್ಚರ್ಯ. ನಾನು ಬಾಡಿಗೆ ಗಾಡಿ ಓಡಿಸುವವನು, ರಾತ್ರಿ ಕೆಲಸವೇ ಜಾಸ್ತಿ. ಹೊಸಚಕ್ರ ಅವರೇ, ನಿಮ್ಮಂಥ ಶಿಸ್ತಿನ ಚಾಲಕರನ್ನು ಹಿಡಿಯುವುದು ಇದೇ. ಕುಡಿದವನಿಗೆ ತಾನು ಕುಡಿದಿದ್ದೇನೆ ಅಂತ ಗೊತ್ತಿರುತ್ತದೆ. ಜೋಂಪು ಹತ್ತಿದವನಿಗೆ ತಾನು ನಿದ್ದೆಗೆ ಜಾರಿದ್ದು ಗೊತ್ತೇ ಇರುವುದಿಲ್ಲ.

ಪೂರ್ತಿ ಮಲಗಿಬಿಡಬೇಕು ಅಂತೇನಿಲ್ಲ. ಮೂರು ನಾಲ್ಕು ಸೆಕೆಂಡ್ ಮೆದುಳು ಆಫ್ ಆಗುತ್ತದೆ, ಕೆಲವೊಮ್ಮೆ ಕಣ್ಣು ತೆರೆದೇ ಇರುತ್ತದೆ. 80ರಲ್ಲಿ ನಾಲ್ಕು ಸೆಕೆಂಡ್ ಅಂದರೆ ಮೇಲಿನವರ ಲೆಕ್ಕದಲ್ಲೇ ಸುಮಾರು 90 ಮೀಟರ್ ಆಯಿತು. ಅಷ್ಟು ದೂರ ಗಾಡಿಯಲ್ಲಿ ಚಾಲಕನೇ ಇಲ್ಲ. ಇಂಥ ಅಪಘಾತದಲ್ಲಿ ರಸ್ತೆ ಮೇಲೆ ಬ್ರೇಕಿನ ಗುರುತೇ ಇರುವುದಿಲ್ಲ, ಗಾಡಿ ನೇರ ಹೋಗಿ ಮರಕ್ಕೋ ಮುಂದಿನ ಲಾರಿಗೋ ಹೊಡೆದಿರುತ್ತದೆ. ಬೆಳಗ್ಗೆ ನೋಡಿದವರು "ಓವರ್ ಸ್ಪೀಡ್" ಅಂದುಬಿಡುತ್ತಾರೆ.

17 ಗಂಟೆ ಎಚ್ಚರ ಇದ್ದವನ ಕೈ, ಕಣ್ಣು, ತೀರ್ಮಾನ ಎಲ್ಲ ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇರುವವನ ಮಟ್ಟಕ್ಕೆ ಇಳಿದಿರುತ್ತವೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ತುಂಬಾ ದೇಶಗಳಲ್ಲಿ ಕಾನೂನಿನ ಮಿತಿ ಇರುವುದೇ ಅಲ್ಲಿಗೆ. ಬೆಳಗ್ಗೆ 6ಕ್ಕೆ ಎದ್ದು, ದಿನವಿಡೀ ಕೆಲಸ ಮಾಡಿ, ರಾತ್ರಿ 11ಕ್ಕೆ ಗಾಡಿ ಹತ್ತಿದರೆ 17 ಗಂಟೆ ಆಗಲೇ ಆಯಿತು. ಒಂದು ಹನಿ ಕುಡಿಯದಿದ್ದರೂ ಕುಡಿದವನ ಸ್ಥಿತಿಯಲ್ಲೇ ಹೊರಟ ಹಾಗೆ. ಬೆಳಗಿನ ಜಾವ 2ರಿಂದ 6ರ ತನಕ ತುಂಬಾ ಕೆಟ್ಟ ಹೊತ್ತು. ಮಧ್ಯಾಹ್ನ 2ರಿಂದ 4ರ ಒಳಗೂ ದೇಹ ತೂಕಡಿಕೆಗೆ ಇಳಿಯುತ್ತದೆ.

ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು, ಇವೆಲ್ಲ ಸ್ವಲ್ಪ ಹೊತ್ತಿಗೆ ಸುಮ್ನೆ ಸಮಾಧಾನ. ಕಣ್ಣು ಎಳೆಯುತ್ತಿದೆ, ಹಿಂದಿನ ಎರಡು ಮೂರು ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪಿಲ್ಲ ಅಂದರೆ ಅಪಾಯಕ್ಕೆ ಆಗಲೇ ಕಾಲಿಟ್ಟಾಗಿದೆ. ರಸ್ತೆಯಿಂದ ಪೂರ್ತಿ ಕೆಳಗೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಒಂದು ಕಾಫಿ ಕುಡಿದು ಕೂಡಲೇ 15, 20 ನಿಮಿಷ ಮಲಗಿ. ಕಾಫಿ ಏರಲು ಅಷ್ಟು ಹೊತ್ತು ಬೇಕೇ ಬೇಕು, ಏಳುವ ಹೊತ್ತಿಗೆ ಎರಡೂ ಸೇರಿ ಕೆಲಸ ಮಾಡುತ್ತವೆ. ಅದೂ ಸ್ವಲ್ಪ ಹೊತ್ತಿಗೆ ಮಾತ್ರ, ರಾತ್ರಿ ಪೂರ್ತಿ ನಿದ್ದೆಗೆ ಬದಲಾಗಿ ಅಲ್ಲ. ನೆಗಡಿ, ಅಲರ್ಜಿಗೆ ಮಾತ್ರೆ ನುಂಗಿದ ದಿನವೂ ಹುಷಾರು, ಅವುಗಳಲ್ಲಿ ಹಲವು ನಿದ್ದೆ ಬರಿಸುತ್ತವೆ.

ಹೊಸಚಕ್ರ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. 70ರ ಲೆಕ್ಕ ಓದಿ ಸುಮ್ಮನೆ ಕುಳಿತುಬಿಟ್ಟೆ. ಇನ್ನೊಂದು ಸಂದೇಹ. ಫೋನ್ ಕೈಯಲ್ಲಿ ಹಿಡಿಯದೆ ಬ್ಲೂಟೂತ್‌ನಲ್ಲಿ ಮಾತಾಡಿದರೆ ಪರವಾಗಿಲ್ಲ ಅಲ್ವಾ? ಕಣ್ಣು ರಸ್ತೆ ಮೇಲೇ ಇರುತ್ತದೆ.

ಲೆಕ್ಕದ_ಪುಸ್ತಕ

ಇಲ್ಲ, ಅದೂ ಅಪಾಯವೇ. ಕಣ್ಣು ರಸ್ತೆ ಮೇಲಿದ್ದರೂ ಗಮನ ಮಾತಿನಲ್ಲಿ ಇರುತ್ತದೆ. ಫೋನ್ ಬಳಸುತ್ತಾ ಓಡಿಸುವವರು ಅಪಘಾತಕ್ಕೆ ಸಿಕ್ಕುವ ಸಾಧ್ಯತೆ ಸುಮಾರು 4 ಪಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹ್ಯಾಂಡ್ಸ್ ಫ್ರೀ ಆದರೂ ಹೆಚ್ಚೇನೂ ಸುರಕ್ಷಿತ ಅಲ್ಲ ಅಂತಲೂ ಹೇಳುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಪಕ್ಕದವರಿಗೆ ರಸ್ತೆ ಕಾಣುತ್ತದೆ, ತಿರುವು ಬಂದಾಗ ಅವರೇ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆ ಇರುವವರಿಗೆ ಏನೂ ಕಾಣುವುದಿಲ್ಲ, ಅವರು ಮಾತಾಡುತ್ತಲೇ ಇರುತ್ತಾರೆ.

ಸ್ಪ್ಯಾನರ್_12

ಗ್ಯಾರೇಜಿನವನ ಮಾತೂ ಸ್ವಲ್ಪ ಕೇಳಿ. ಗಾಡಿ ಕೆಟ್ಟು ಆಗುವ ಅಪಘಾತ ಒಟ್ಟಿನಲ್ಲಿ ಕಡಿಮೆ, ಅದು ನಿಜ. ಆದರೆ ಮೇಲೆ ಹೇಳಿದ 68 ಮೀಟರ್ ಒಳ್ಳೆಯ ಟೈರಿನ ಲೆಕ್ಕ. ಸವೆದ ಟೈರ್, ಒದ್ದೆ ರಸ್ತೆ ಸೇರಿದರೆ ಆ ಲೆಕ್ಕ ಮರೆತುಬಿಡಿ.

ಹೊಸ ಕಾರಿನ ಟೈರಿನಲ್ಲಿ ಗೆರೆಗಳ ಆಳ ಸುಮಾರು 8 ಮಿಲಿಮೀಟರ್ ಇರುತ್ತದೆ. 1.6ಕ್ಕೆ ಇಳಿದರೆ ಬಹಳ ಕಡೆ ಕಾನೂನಿನ ಪ್ರಕಾರ ಅದರ ಆಯಸ್ಸು ಮುಗಿಯಿತು. ಗೆರೆಗಳ ನಡುವೆ ಸಣ್ಣ ಉಬ್ಬು ಇರುತ್ತದೆ ನೋಡಿ, ಟೈರ್ ಅದರ ಮಟ್ಟಕ್ಕೆ ಬಂದರೆ ಬದಲಿಸಲೇಬೇಕು. ಗೆರೆ ಇರುವುದು ನೀರು ಆಚೆ ತಳ್ಳುವುದಕ್ಕೆ. ಆಳ ಇಲ್ಲದಿದ್ದರೆ ನಿಂತ ನೀರಿನ ಮೇಲೆ ಟೈರ್ ತೇಲುತ್ತದೆ, ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಹಗುರ ಆಗುತ್ತದೆ. ಆಗ ಬ್ರೇಕ್ ಗಟ್ಟಿಯಾಗಿ ಒತ್ತಬೇಡಿ, ಸ್ಟೇರಿಂಗ್ ಎಳೆದಾಡಬೇಡಿ. ಆಕ್ಸಿಲರೇಟರ್ ನಿಧಾನಕ್ಕೆ ಬಿಟ್ಟು ನೇರ ಹಿಡಿಯಿರಿ, ಟೈರ್ ಮತ್ತೆ ರಸ್ತೆ ಹಿಡಿಯುತ್ತದೆ.

ಗಾಳಿ ಕಡಿಮೆ ಇದ್ದರೆ ಇನ್ನೂ ಅಪಾಯ. ಟೈರಿನ ಪಕ್ಕ ಬಳುಕಿ ಬಳುಕಿ ಬಿಸಿಯಾಗಿ ಜೋರು ಓಟದಲ್ಲಿ ಸಿಡಿಯುತ್ತದೆ. ಎಷ್ಟು ಗಾಳಿ ಬೇಕು ಅಂತ ಚಾಲಕನ ಬಾಗಿಲ ಚೌಕಟ್ಟಿನ ಹತ್ತಿರ ಸ್ಟಿಕ್ಕರ್ ಇರುತ್ತದೆ, ತಣ್ಣಗಿರುವಾಗ ನೋಡಿಸಿ. ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, 2319 ಅಂತ ಇದ್ದರೆ 2019ರ 23ನೇ ವಾರ ತಯಾರಾಗಿದ್ದು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕುದಿದು ಆವಿಯಾಗಿ ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ. ಕೆಳಗಿನ ಗೇರಿಗೆ ಹಾಕಿ ಎಂಜಿನ್ನೇ ಗಾಡಿಯನ್ನು ತಡೆಯುವ ಹಾಗೆ ಇಳಿಯಿರಿ. ಪೆಟ್ರೋಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಬೇಡವೇ ಬೇಡ. ಎಂಜಿನ್ ಆಫ್ ಮಾಡಿದರೆ ಬ್ರೇಕಿಗೂ ಸ್ಟೇರಿಂಗಿಗೂ ಸಿಗುವ ಸಹಾಯವೇ ಹೋಗುತ್ತದೆ.

ಕೊನೆಯದಾಗಿ, ಚಾಲಕನ ಕಾಲ ಹತ್ತಿರ ನೀರಿನ ಬಾಟಲಿ ಇಡಬೇಡಿ. ಉರುಳಿ ಬ್ರೇಕ್ ಪೆಡಲ್ ಕೆಳಗೆ ಹೋದರೆ ಬ್ರೇಕ್ ಒತ್ತುವುದೇ ಇಲ್ಲ. ಮ್ಯಾಟ್ ಜಾರಿ ಆಕ್ಸಿಲರೇಟರ್ ಮೇಲೆ ಕೂರದ ಹಾಗೆ ಕ್ಲಿಪ್ ಹಾಕಿ.

ಬಿಳಿಪಟ್ಟಿ

ನೀವೆಲ್ಲ ಹೇಳಿದ್ದು ಸರಿ. ಆದರೆ ಆ "90 ಪರ್ಸೆಂಟ್ ಚಾಲಕನ ತಪ್ಪು" ಅನ್ನುವ ಮಾತು ಹಾಗೇ ಉಳಿಯಬಾರದು. ರಸ್ತೆ ವಿನ್ಯಾಸದ ಕೆಲಸದಲ್ಲಿ ಇರುವವಳು ನಾನು, ಈ ಅಂಕಿಯನ್ನು ತಪ್ಪಾಗಿ ಓದುವುದು ನೋಡಿ ನೋಡಿ ಬೇಜಾರಾಗಿದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2005ರಿಂದ 2007ರ ತನಕ ಅಪಘಾತಗಳ ಸಮೀಕ್ಷೆ ಮಾಡಿ, 94 ಪರ್ಸೆಂಟ್ ಅಪಘಾತಗಳಲ್ಲಿ ನಿರ್ಣಾಯಕ ಕಾರಣ ಚಾಲಕನದು ಅಂತ ಹೇಳಿತು. ಆದರೆ ಅದು ಕಾರಣಗಳ ಸರಪಳಿಯ ಕೊನೆಯ ಕೊಂಡಿ ಮಾತ್ರ, ತಪ್ಪು ಯಾರದು ಅನ್ನುವ ತೀರ್ಪು ಅಲ್ಲ ಅಂತಲೂ ಅದೇ ವರದಿಯಲ್ಲಿ ಇದೆ. ಎಲ್ಲರೂ ಮೊದಲನೇ ಸಾಲು ಓದಿ ಎರಡನೆಯದನ್ನು ಬಿಟ್ಟರು.

ಆ ಸಮೀಕ್ಷೆಯೇ ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತದೆ. ಚಾಲಕರ ಆ ಕೊನೆಯ ತಪ್ಪುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ, ಸುಮಾರು 41 ಪರ್ಸೆಂಟ್, ಗಮನಿಸದೆ ಇದ್ದದ್ದು. ನೋಡಲಿಲ್ಲ, ತಡವಾಗಿ ನೋಡಿದರು, ಮನಸ್ಸು ಬೇರೆ ಕಡೆ ಇತ್ತು. ಅದಾದ ಮೇಲೆ ಸುಮಾರು 33 ಪರ್ಸೆಂಟ್ ತಪ್ಪು ತೀರ್ಮಾನ: ಆ ಜಾಗಕ್ಕೆ ವೇಗ ಜಾಸ್ತಿ, ಎದುರು ಬರುವ ಗಾಡಿ ದೂರ ಇದೆ ಅಂತ ಅಂದಾಜು ತಪ್ಪಿದ್ದು, ಇಂಥವು. ಓಡಿಸುವ ಕೈಚಳಕ ಕೈಕೊಟ್ಟದ್ದು ಬರೀ 11 ಪರ್ಸೆಂಟ್. ವರ್ಷಗಟ್ಟಲೆ ಓಡಿಸಿ ಕೈ ಪಳಗಿದವರೂ ಯಾಕೆ ಸಿಕ್ಕಿಬೀಳುತ್ತಾರೆ ಅಂತ ಈಗ ಗೊತ್ತಾಯಿತಲ್ಲ, ಕೈ ಪಳಗಿದರೆ ತಪ್ಪುವುದು ಆ 11 ಮಾತ್ರ.

ಮನುಷ್ಯ ಗಮನ ತಪ್ಪೇ ತಪ್ಪುತ್ತಾನೆ. ತಪ್ಪಿದಾಗ ಸಾಯದ ಹಾಗೆ ರಸ್ತೆ ಮಾಡಬೇಕು. ಸ್ವೀಡನ್ 1997ರಲ್ಲಿ ತನ್ನ ಸಂಸತ್ತಿನಲ್ಲಿ ಒಪ್ಪಿಕೊಂಡ ನೀತಿಯ ತಿರುಳು ಇದೇ. ಎರಡು ರಸ್ತೆ ಅಡ್ಡ ಹಾಯುವ ಸಾಮಾನ್ಯ ನಾಲ್ಕು ದಾರಿಯ ಜಂಕ್ಷನ್‌ನಲ್ಲಿ ಗಾಡಿಗಳು ಒಂದಕ್ಕೊಂದು ಎದುರಾಗಬಹುದಾದ ಜಾಗಗಳು 32. ಅಲ್ಲೇ ಒಂದು ಪಥದ ವೃತ್ತ ಮಾಡಿದರೆ 8. ಎಲ್ಲರೂ ನಿಧಾನ ಮಾಡಲೇಬೇಕಾಗುತ್ತದೆ, ತಪ್ಪು ನಡೆದರೂ ಪಕ್ಕದಿಂದ ಸವರಿಕೊಂಡು ಹೋಗುವ ಪೆಟ್ಟು. ಗಾಡಿಯ ಹೊಟ್ಟೆಗೆ ನೇರ ಗುದ್ದುವ ಪೆಟ್ಟು ಅಲ್ಲ.

ರಾತ್ರಿಪಾಳಿ

ಬಿಳಿಪಟ್ಟಿ ಮೇಡಂ, ಒಪ್ಪುತ್ತೇನೆ, ಆದರೆ ಒಂದು ಭಯ. ರಸ್ತೆ ಸರಿ ಇಲ್ಲ ಅಂತ ಹೇಳಿಬಿಟ್ಟರೆ ಓಡಿಸುವವರಿಗೆ ಅದೇ ನೆಪ ಆಗುವುದಿಲ್ಲವೇ? ನನ್ನ ಜೊತೆ ಓಡಿಸುವವರಲ್ಲಿ ತಮ್ಮದು ಏನೂ ಇಲ್ಲ, ಎಲ್ಲಾ ರಸ್ತೆಯದೇ ಅನ್ನುವವರು ಇದ್ದಾರೆ.

ಬಿಳಿಪಟ್ಟಿ

ಎರಡೂ ಜೊತೆಗೇ ಆಗಬೇಕು ಸರ್. ರಸ್ತೆ ರಾತ್ರೋರಾತ್ರಿ ಬದಲಾಗುವುದಿಲ್ಲ, ಅಲ್ಲಿಯ ತನಕ ಇರುವ ರಸ್ತೆಗೆ ತಕ್ಕ ಹಾಗೆ ಓಡಿಸಬೇಕು. ಆದರೆ ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಅಪಘಾತ ಆಗುತ್ತಿದ್ದರೆ, ಬಂದವರೆಲ್ಲ ಕೆಟ್ಟ ಚಾಲಕರೇ ಅಂತ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಆ ತಿರುವನ್ನು ಹೋಗಿ ನೋಡಬೇಕು.

ಹೊಸಚಕ್ರ

ಈಗ ಚಿತ್ರ ಸ್ಪಷ್ಟ ಆಯಿತು. ಕೊನೆಯದಾಗಿ ಎರಡು ಪ್ರಶ್ನೆ. ಎರಡೇ ಸಾಲಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗ ಎಷ್ಟು ದೂರ ಖಾಲಿ ಇರಬೇಕು? ಮತ್ತೆ, ನಾನು 2 ಸೆಕೆಂಡ್ ಅಂತರ ಇಟ್ಟರೂ ಹಿಂದಿನವನು ಬೆನ್ನಿಗೆ ಅಂಟಿಕೊಂಡು ಹಾರ್ನ್ ಹೊಡೆಯುತ್ತಾ ಬಂದರೆ ಏನು ಮಾಡಲಿ?

ಲೆಕ್ಕದ_ಪುಸ್ತಕ

ಓವರ್‌ಟೇಕ್ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ. ಲಾರಿ 60ರಲ್ಲಿ, ನೀವು 80ರಲ್ಲಿ ಅಂದರೆ ಪೂರ್ತಿ ದಾಟಿ ನಿಮ್ಮ ಸಾಲಿಗೆ ವಾಪಸ್ ಬರಲು ಸುಮಾರು 10 ಸೆಕೆಂಡ್. ಅಷ್ಟರಲ್ಲಿ ನೀವು 220 ಮೀಟರ್ ಹೋಗುತ್ತೀರಿ, ಎದುರಿನಿಂದ 80ರಲ್ಲಿ ಬರುವವನೂ 220 ಬರುತ್ತಾನೆ. 450 ಮೀಟರ್ ಖಾಲಿ ಇದ್ದರೂ ಕೂದಲೆಳೆಯಲ್ಲಿ ಪಾರಾದ ಹಾಗೆ, ಅದಕ್ಕಿಂತ ಸಾಕಷ್ಟು ಜಾಸ್ತಿ ಬೇಕು. ದೂರದಲ್ಲಿ ಎದುರು ಬರುವ ಗಾಡಿಯ ವೇಗ ಕಣ್ಣಿಗೆ ಗೊತ್ತಾಗುವುದೇ ಇಲ್ಲ, ನಿಂತ ಹಾಗೆ ಕಾಣುತ್ತದೆ. ತಿರುವು, ದಿಬ್ಬದ ತುದಿ, ಮಬ್ಬು ಬೆಳಕು ಇದ್ದರೆ ಯೋಚನೆಯೇ ಬೇಡ.

ಹಿಂದಿನವನು ಅಂಟಿಕೊಂಡರೆ ಬ್ರೇಕ್ ತಟ್ಟಿ ಹೆದರಿಸಬೇಡಿ, ವೇಗ ಏರಿಸಿ ಓಡಲೂ ಬೇಡಿ. ನಿಮ್ಮ ಮುಂದಿನ ಅಂತರವನ್ನು 2ರಿಂದ 4 ಸೆಕೆಂಡಿಗೆ ಹೆಚ್ಚಿಸಿ. ಆಗ ಮುಂದೆ ಏನಾದರೂ ಆದರೆ ನೀವು ಮೆಲ್ಲಗೆ ನಿಲ್ಲಿಸಬಹುದು, ಅವನಿಗೂ ನಿಲ್ಲಲು ಸಮಯ ಸಿಗುತ್ತದೆ.

ರಾತ್ರಿಪಾಳಿ

ಅದರ ಜೊತೆಗೆ, ಅಗಲವಾದ ಜಾಗ ಸಿಕ್ಕಿದ ಕೂಡಲೇ ಇಂಡಿಕೇಟರ್ ಹಾಕಿ ಬದಿಗೆ ಸರಿದು ಅವನನ್ನು ಮುಂದೆ ಬಿಟ್ಟುಬಿಡಿ. ನಾನು ದಿನಾ ಮಾಡುವುದು ಅದನ್ನೇ. ಮತ್ತೆ ಹಿಂದಿನ ಸೀಟಿನಲ್ಲಿ ಕೂರುವವರಿಗೂ ಬೆಲ್ಟ್ ಹಾಕಿಸಿ, ಗುದ್ದಿದಾಗ ಅವರು ಮುಂದಿನ ಸೀಟಿನವರ ಬೆನ್ನಿಗೇ ಬಂದು ಬೀಳುತ್ತಾರೆ.